ನಾಲ್ಕು ತಾಲ್ಲೂಕು, ಒಂದು ಬೆಕ್ಕು

ನಮ್ಮ ಸೋದರಮಾವನಷ್ಟು ಬೆಕ್ಕು ಹುಡುಕಿದವರು ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಹೇಳಬಲ್ಲೆ. ಹುಡುಕಿ ಹುಡುಕಿ ಬರಿಗೈಯಲ್ಲಿ ಬಂದವರೂ ಅವರಷ್ಟು ಇನ್ನೊಬ್ಬರಿಲ್ಲ ಎಂದೂ ಹೇಳಬಲ್ಲೆ! ಮನೆಯಿಂದ ತಪ್ಪಿಸಿಕೊಂಡ ಬೆಕ್ಕಲ್ಲ ಸ್ವಾಮಿ, ಕಾಡುಬೆಕ್ಕು. ಅದರಲ್ಲೂ ಸಿಕ್ಕಿದ ಕಾಡುಬೆಕ್ಕೆಲ್ಲ ಅವರಿಗೆ ಆಗುವುದಿಲ್ಲ. ಮನೆಬೆಕ್ಕಿಗಿಂತ ಚಿಕ್ಕದಿರಬೇಕು, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆ ಇರಬೇಕು, ಹಣೆಯ ಮೇಲೆ ಗೆರೆ ಇರಬೇಕು. ಹೆಣ್ಣು ನೋಡಲು ಹೋದಾಗಲೂ ಅವರು ಇಷ್ಟು ಷರತ್ತು ಹಾಕಿರಲಿಲ್ಲವಂತೆ.

ಇದೆಲ್ಲ ಶುರುವಾದದ್ದು ಮಾಲೂರಿನ ನೆಂಟರ ಮನೆಯ ಗೃಹಪ್ರವೇಶದಲ್ಲಿ. ಊಟ ಮುಗಿಸಿ ಎಲೆಅಡಿಕೆ ತಟ್ಟೆಯ ಸುತ್ತ ಕೂತಿದ್ದೆವು. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ, ಹತ್ತು ಜನರೆದುರು ಮಾತಾಡಿ ಅಭ್ಯಾಸವಿಲ್ಲದ ನಮ್ಮತ್ತೆ, ಅಂದರೆ ಮಾವನ ಹೆಂಡತಿ, ಅವತ್ತು ಏನನ್ನಿಸಿತೋ, ಬಾಯಿಬಿಟ್ಟರು.

"ಮೊನ್ನೆ ಒಂದು ಬೆಕ್ಕು ನೋಡ್ದೆ. ಮೈಯೆಲ್ಲಾ ಚುಕ್ಕೆ. ಥೇಟ್ ಚಿರತೆ ಥರ, ಆದ್ರೆ ಇಷ್ಟೇ ಇಷ್ಟು..."

"ಚಿರತೆಗೆ ಡೈರಿಗೆ ಹಾಕಿ ಮಿಕ್ಕಿದ ಹಾಲು ಕುಡಿಸಿದ್ರೇನೋ, ಬಡವಾಗಿಬಿಟ್ಟಿದೆ!" ಎಂದರು ಯಾರೋ. ಹಜಾರವೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಅತ್ತೆ ಗಾಳಿಯಲ್ಲಿ ಅಳತೆ ತೋರಿಸುತ್ತಿದ್ದ ಕೈಯನ್ನು ಇಳಿಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅವತ್ತಿನಿಂದ ಅತ್ತೆ ಏನನ್ನೂ ಹೇಳುವುದನ್ನೇ ಬಿಟ್ಟರು. ಜಗಳವಿಲ್ಲ, ಮುನಿಸಿಲ್ಲ. ಮುಂಚೆಯೆಲ್ಲ ಹಾಲು ಹಾಕಿ ಬಂದರೆ ದಾರಿಯಲ್ಲಿ ಯಾರು ಸಿಕ್ಕರು, ಯಾವ ಹಸು ಯಾರಿಗೆ ಒದೆಯಿತು ಎಂದು ಸುದ್ದಿ ತರುತ್ತಿದ್ದವರು. ಈಗ ಏನು ಕೇಳಿದರೂ "ಏನಿಲ್ಲ" ಅಷ್ಟೇ. ಮೂರು ವಾರ ಈ "ಏನಿಲ್ಲ" ಜೊತೆ ಮುದ್ದೆ ನುಂಗಿದ ಮೇಲೆ ಮಾವನಿಗೆ ತಡೆಯಲಾಗಲಿಲ್ಲ. ಆ ಬೆಕ್ಕನ್ನು ಹುಡುಕಬೇಕು, ಫೋಟೋ ತೆಗೆಯಬೇಕು, ನಕ್ಕವರ ಮುಖಕ್ಕೆಲ್ಲ ಹಿಡಿಯಬೇಕು ಎಂದು ಶಪಥ ಮಾಡಿದರು.

"ಜೋರಾಗಿ ನಕ್ಕಿದ್ದು ನೀವೇ ಅಲ್ವಾ ಮಾವ?" ಎಂದೆ.

"ಅದಕ್ಕೇ ಕಣೋ ನಾನೇ ಹುಡುಕ್ಬೇಕು. ನಡಿ, ಗಾಡಿ ತೆಗಿ!"

ಗಾಡಿ ನನ್ನದು, ಪೆಟ್ರೋಲ್ ನನ್ನದು, ಭಾನುವಾರವೂ ನನ್ನದೇ. ಛಲ ಮಾತ್ರ ಅವರದು. ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕಾಡುಬೆಕ್ಕನ್ನೂ ಅವರು ರೂಟ್ ಪ್ರಕಾರವೇ ಹುಡುಕಿದರು! ವಕ್ಕಲೇರಿಯ ಅವರ ಮನೆಯಿಂದ ಹೊರಟರೆ ಪ್ರತಿ ಸ್ಟಾಪಿನಲ್ಲೂ ಇಳಿಯಬೇಕು, ವಿಚಾರಿಸಬೇಕು, ಮತ್ತೆ ಹತ್ತಬೇಕು. ಬೆಕ್ಕೇನು ಬಸ್ ಸ್ಟಾಪಿನಲ್ಲಿ ಕಾಯುತ್ತಾ ನಿಂತಿರುತ್ತದೆಯೇ? ಕೇಳಿದರೆ, "ಒಂದು ಸ್ಟೇಜೂ ಬಿಡಬಾರದು ಕಣೋ" ಎನ್ನುತ್ತಿದ್ದರು.

ಮಾಲೂರು ರೂಟಿನಲ್ಲಿ ಒಂದು ಪಾಳುಬಿದ್ದ ಹೆಂಚಿನ ಕಾರ್ಖಾನೆ. ಒಡೆದ ಹೆಂಚಿನ ರಾಶಿಯಲ್ಲಿ ಏನೋ ಓಡಾಡುತ್ತಿದೆ ಎಂದು ಯಾರೋ ಹೇಳಿದ್ದಕ್ಕೆ ಐದು ಭಾನುವಾರ ಬೆಳಗಾಗುವ ಮುಂಚೆ ಹೋಗಿ ಕೂತೆವು. ಕೊನೆಗೂ ಫೋಟೋ ಸಿಕ್ಕಿತು. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ ತೋರಿಸಿದೆವು. ಅವರು ಫೋಟೋ ದೊಡ್ಡದು ಮಾಡಿ ನೋಡಿ, "ಊರ ಬೆಕ್ಕೇ ಸಾರ್. ಮನೆ ಬಿಟ್ಟು ಬಂದು ಕಾಡು ಸೇರ್ಕೊಂಡಿದೆ ಅಷ್ಟೇ" ಎಂದರು.

"ನನ್ನ ಥರ ರಿಟೈರ್ ಆಗಿದೆ ಅನ್ನಿ" ಎಂದು ಮಾವ ನಿಟ್ಟುಸಿರುಬಿಟ್ಟರು. ಆದರೆ ಆ ಪುಣ್ಯಾತ್ಮ ಇನ್ನೊಂದು ಮಾತೂ ಹೇಳಿದರು. ಅತ್ತೆ ಹೇಳಿದಂಥ ಪುಟ್ಟ ಚುಕ್ಕೆಬೆಕ್ಕಿನ ಜಾತಿ ಇದೆಯಂತೆ, ಬಂಡೆ ಸಂದಿ, ತೋಪು, ಹೊಲದ ಬದಿಯಲ್ಲೇ ಇರುತ್ತದಂತೆ, ಕಣ್ಣಿಗೆ ಬೀಳುವುದು ಮಾತ್ರ ಅಪರೂಪವಂತೆ. ಅಷ್ಟು ಸಾಕಾಯಿತು. ಮುಂದಿನ ಹೆಚ್ಚುಕಮ್ಮಿ ಎರಡು ವರ್ಷದ ನನ್ನ ಭಾನುವಾರಗಳು ಅಲ್ಲೇ ಮಣ್ಣಾದವು!

ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಜಾಲಾಡಿದೆವು. ತೋಪು ಗುತ್ತಿಗೆ ಹಿಡಿದಿದ್ದ ಭಾಯ್ ಒಬ್ಬರು ಹಣ್ಣು ಕೊಯ್ದು ಕೊಟ್ಟು ಉಪಚರಿಸಿ, "ಅರೆ ಕಂಡಕ್ಟರ್ ಸಾಬ್, ಇಲ್ಲಿ ಬರೀ ಇಲಿ. ಆ ಬೆಕ್ಕು ಸಿಕ್ಕಿದ್ರೆ ನಂಗೆ ಕೊಡಿ, ಸಂಬಳ ಕೊಟ್ಟು ಇಟ್ಕೊಳ್ತೀನಿ" ಎಂದರು. ಮುಳಬಾಗಿಲು ಕಡೆ ತೆಲುಗು ಬೆರೆಸಿ ಮಾತಾಡುವ ಒಬ್ಬ ಅಜ್ಜಿ, "ಪಿಲ್ಲಿ ಬೇಕಾ, ಬೆಕ್ಕು? ನಮ್ಮ ಮನೇಲೇ ಮೂರವೆ, ಎತ್ಕೊಂಡ್ಹೋಗು ನಾಯ್ನಾ" ಎಂದು ಮಾವನ ಚೀಲಕ್ಕೆ ಒಂದು ಮರಿಯನ್ನು ತುರುಕಿಯೇಬಿಟ್ಟಳು. ಮನೆಗೆ ಬಂದಾಗ ಅತ್ತೆ ಚೀಲದೊಳಗೆ ಇಣುಕಿ ನೋಡಿ, ಏನೂ ಹೇಳದೆ ಅದಕ್ಕೊಂದು ಬಟ್ಟಲು ಹಾಲಿಟ್ಟರು.

ಎಲ್ಲಕ್ಕಿಂತ ದೊಡ್ಡ ಅನಾಹುತ ಕುರುಡುಮಲೆಯ ಹತ್ತಿರ ನಡೆಯಿತು. ಗಣೇಶನಿಗೆ ಕೈಮುಗಿದು ಬೆಟ್ಟದ ಬದಿಯ ಕಾಲುದಾರಿ ಹಿಡಿದಿದ್ದೆವು. ಬೆಳಗಿನ ಬಿಸಿಲು. ಸೀತಾಫಲದ ಪೊದೆಯಿಂದ ಪುಟ್ಟದೊಂದು ಪ್ರಾಣಿ ಛಂಗನೆ ಹಾರಿ ನಮ್ಮ ಮುಂದೆಯೇ ದಾರಿ ದಾಟಿತು. ಉದ್ದನೆಯ ಬಾಲ, ಚುಕ್ಕೆಯೋ ಎಲೆಯ ನೆರಳೋ ತಿಳಿಯಲಿಲ್ಲ. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಮಾವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ಬೆಕ್ಕು ಅಡ್ಡ ಬಂತು! ಹಿಂದಕ್ಕೆ ಬಾ, ಹಿಂದಕ್ಕೆ ಬಾ!"

ಇಪ್ಪತ್ತು ಹೆಜ್ಜೆ ವಾಪಸ್ಸು ಬಂದು, ಬಂಡೆಯ ಮೇಲೆ ಕೂತು, ಶಾಸ್ತ್ರಕ್ಕೆ ನೀರು ಕುಡಿದು, ನನಗೂ ಕುಡಿಸಿದರು. ಬಾಟಲಿಯ ಮುಚ್ಚಳ ತಿರುಗಿಸುವಾಗ ಕೈ ನಿಂತಿತು. "ಲೇ... ನಾವು ಹುಡುಕ್ತಾ ಇರೋದು ಬೆಕ್ಕನ್ನೇ ಅಲ್ವೇನೋ?" ಎಂದರು. ಎದ್ದು ಓಡಿದರು. ಅಲ್ಲಿ ಬೆಕ್ಕೂ ಇರಲಿಲ್ಲ, ಅದರ ಹೆಜ್ಜೆಯೂ ಇರಲಿಲ್ಲ. ಬಂಡೆಯ ಮೇಲೇರಿ ನೋಡುತ್ತೇನೆಂದು ಹೋಗಿ ಜಾರಿದರು, ಕಾಲು ಉಳುಕಿತು.

ಅಷ್ಟು ದೂರ ಗಾಡಿಯಲ್ಲಿ ನರಳುತ್ತಾ ಬಂದವರನ್ನು ಕೊಟ್ಟಿಗೆಯ ಜಗಲಿಯ ಮೇಲೆ ಕೂರಿಸಿದೆ. ಅತ್ತೆ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು, ಊದಿದ ಕಾಲನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ನೀವತೊಡಗಿದರು.

"ಸಾಕು ಬಿಡ್ರೀ" ಎಂದರು ಅತ್ತೆ, ತಲೆ ಎತ್ತದೆ. "ನಾನೇ ಏನೋ ತಪ್ಪು ನೋಡಿರ್ಬೇಕು."

ಇದನ್ನು ಕೇಳಿದರೆ ಬೆಕ್ಕಿನ ಕಾಟ ತಪ್ಪಿತೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮಾವನ ಮುಖ ನೋಡಿದೆ. ಅಷ್ಟು ನೋವಿನಲ್ಲೂ ಅವರು ನೆಟ್ಟಗೆ ಕೂತರು.

"ಇಲ್ಲ ಕಣೇ. ನೀನು ನೋಡಿದ್ದೀಯ. ನಂಗೆ ಸಿಗ್ಲಿಲ್ಲ, ಅದು ನನ್ನ ಹಣೆಬರಹ. ಅವತ್ತು ನಾನು ನಗಬಾರ್ದಾಗಿತ್ತು." ಆಮೇಲೆ ತೀರಾ ಮೆತ್ತಗೆ ಕೇಳಿದರು. "ಎಲ್ಲಿ ನೋಡ್ದೆ, ಹೇಳೇ."

ಅತ್ತೆಯ ಕೈ ಅವರ ಪಾದದ ಮೇಲೆ ಹಾಗೇ ನಿಂತಿತು. ಎರಡು ವರ್ಷ, ನಾಲ್ಕು ತಾಲ್ಲೂಕು, ಕಂಡಕಂಡವರನ್ನೆಲ್ಲ ಕೇಳಿದ್ದೆವು. ಇವರನ್ನು ಒಂದು ಸಲವೂ ಕೇಳಿರಲಿಲ್ಲ! ಮಾವನಿಗೆ ಕೇಳಲು ನಾಚಿಕೆ, ನನಗೆ ಕೇಳಬೇಕೆಂದು ಹೊಳೆದೇ ಇಲ್ಲ.

ಅತ್ತೆ ಕೊಟ್ಟಿಗೆಯ ಹಿಂದೆ, ಹೊಲ ಹಸನು ಮಾಡುವಾಗ ತೆಗೆದು ಹಾಕಿದ ಕಲ್ಲುಗುಡ್ಡೆಯ ಕಡೆ ಗದ್ದ ಚಾಚಿ ತೋರಿಸಿದರು. "ಅಲ್ಲೇ. ಹುಲ್ಲಿಗೆ ಅಂತ ಹೋಗಿದ್ದೆ. ಬಾಯಲ್ಲಿ ಮರಿ ಕಚ್ಕೊಂಡು ಕಲ್ಲಿನ ಮೇಲೆ ನಿಂತಿತ್ತು. ನನ್ನನ್ನ ನೋಡ್ತು, ಓಡ್ಲಿಲ್ಲ. ಮರೀನ ಕೆಳಗಿಟ್ಟು ನೆಕ್ತು. ಅವತ್ತು ಅದನ್ನ ಹೇಳೋಣ ಅಂತಲೇ ಬಾಯಿ ತೆಗೆದಿದ್ದು. ಮರಿ ತನಕ ಬರೋಕೆ ಮುಂಚೇನೇ ಎಲ್ರೂ ನಕ್ಕುಬಿಟ್ರಿ."

ಮಾವ ಎಣ್ಣೆಯಾಗಿದ್ದ ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವತ್ತು ನಕ್ಕವರಲ್ಲಿ ನಾನೂ ಒಬ್ಬನಲ್ಲವೇ?

"ಮರಿ ಹೆಂಗಿತ್ತು ಅತ್ತೆ?" ಎಂದೆ.

ಅತ್ತೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

"ಕೂತ್ಕೋ, ಹೇಳ್ತೀನಿ."