ಟೈಪಿಂಗ್ ಮೇಷ್ಟ್ರು ವೆಬ್‌ಸೈಟ್ ಕಲಿತದ್ದು

ಕೆಲವರು ನಗೆಪಾಟಲಾಗಲು ವಿಶೇಷವಾಗಿ ಏನೂ ಶ್ರಮಪಡಬೇಕಾಗಿಲ್ಲ. ತಾವು ಚೆನ್ನಾಗಿ ಬಲ್ಲ ಕೆಲಸವನ್ನೇ ಬೇರೆ ಕಡೆ ಹೋಗಿ ಮಾಡಿದರೆ ಸಾಕು. ನನಗೆ ಇದು ವಾರಕ್ಕೆ ಮೂರು ದಿನ, ಶಿಕಾರಿಪುರದ ಒಂದು ಕಾಲೇಜಿನಲ್ಲಿ, ತಪ್ಪದೆ ನಡೆಯುತ್ತಿತ್ತು.

ಸೊರಬದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಇಪ್ಪತ್ತೆರಡು ವರ್ಷ ನಡೆಸಿದ್ದೆ. ತಾಲ್ಲೂಕಿನ ಯಾವ ಕಚೇರಿಗೆ ಹೋದರೂ ನನ್ನಲ್ಲಿ ಕಲಿತವರು ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರು. ಆದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮಕ್ಕಳನ್ನು ಸೇರಿಸಲು ಬಂದವರು ಬಾಗಿಲಲ್ಲೇ ನಿಂತು "ಕಂಪ್ಯೂಟರ್ ಐತೇನ್ರೀ?" ಎಂದು ಕೇಳಿ, ಇಲ್ಲವೆಂದರೆ ಚಪ್ಪಲಿ ಕೂಡ ಬಿಡದೆ ಹಿಂದಿರುಗತೊಡಗಿದರು. ಬೆಳಗಿನ ಬ್ಯಾಚಿನಲ್ಲಿ ನಾಲ್ಕು ಜನ ಉಳಿದರು. ಅವರಲ್ಲಿ ಒಬ್ಬ ಫ್ಯಾನ್ ಗಾಳಿಗೆ ಬರುತ್ತಿದ್ದ.

ಆ ಹೊತ್ತಿಗೆ ಶಿಕಾರಿಪುರದ ಕಾಲೇಜಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಸುವ ಆರು ತಿಂಗಳ ಕೋರ್ಸ್ ಶುರುವಾಯಿತು. ನಾನು ಅದರಲ್ಲಿ ಪಾಸಾದರೆ ನನ್ನ ಇನ್‌ಸ್ಟಿಟ್ಯೂಟನ್ನೇ ಸೊರಬದ ಶಾಖೆ ಮಾಡಿ, ಎರಡು ಕಂಪ್ಯೂಟರ್ ಕೊಡುವುದಾಗಿ ಪ್ರಿನ್ಸಿಪಾಲರು ಮಾತು ಕೊಟ್ಟರು. ಫೇಲಾದರೆ ಶಾಖೆ ಬೇರೆಯವರಿಗೆ, ನಾನು ಅಂಗಡಿ ಮುಚ್ಚಬೇಕು. ನಲವತ್ತಾರನೆಯ ವಯಸ್ಸಿನಲ್ಲಿ ಹದಿನೆಂಟು ಜನ ಹುಡುಗ ಹುಡುಗಿಯರ ನಡುವೆ ಹೋಗಿ ಕೂತೆ. ಆ ಆರು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿದ್ದು ಬಸ್ಸಿನಲ್ಲಿ ಮಾತ್ರ.

ಹಾಜರಿ

ಮೊದಲ ದಿನ ತರಗತಿಗೆ ಬಂದ ಉಪನ್ಯಾಸಕನನ್ನು ನೋಡಿ ಮುಂದಿನ ಹುಡುಗನ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಅವನು ಎಂಟು ವರ್ಷದ ಹಿಂದೆ ನನ್ನಲ್ಲೇ ಟೈಪಿಂಗ್ ಕಲಿತವನು. ಕೀಲಿ ನೋಡಿಕೊಂಡು ಹೊಡೆಯುತ್ತಾನೆಂದು ಅವನ ಬೆರಳಿನ ಗೆಣ್ಣಿಗೆ ಮರದ ಸ್ಕೇಲಿನಿಂದ ಎಷ್ಟು ಸಲ ಬಾರಿಸಿದ್ದೆನೋ ನನಗೇ ನೆನಪಿಲ್ಲ. ಅವನಿಗೆ ನೆನಪಿರುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಸೇಡು ತೀರಿಸಿಕೊಳ್ಳುತ್ತಾನೆ ಎಂದು ಕೂತಲ್ಲೇ ಬೆವೆತೆ.

ಅವನು ಮಾಡಿದ್ದು ಸೇಡಿಗಿಂತ ಕೆಟ್ಟದ್ದು. ಮರ್ಯಾದೆ ಕೊಟ್ಟ.

ಹಾಜರಿ ಕೂಗುವಾಗ ಏಳನೇ ನಂಬರ್ ಆದ ಮೇಲೆ ನನ್ನ ನಂಬರ್ ಎಂಟನ್ನು ಕೂಗಲು ಅವನಿಗೆ ಬಾಯಿ ಬರಲಿಲ್ಲ. "ಮೇಷ್ಟ್ರು ಬಂದಾರೆ" ಎಂದು ತನಗೆ ತಾನೇ ಹೇಳಿಕೊಂಡು ಒಂಬತ್ತಕ್ಕೆ ಹೋದ. ಎಲ್ಲರಿಗೂ ಪ್ರಶ್ನೆ ಕೇಳುತ್ತಿದ್ದ. ನನ್ನ ಸರದಿ ಬಂದಾಗ "ಮೇಷ್ಟ್ರಿಗೆ ಗೊತ್ತಿರ್ತದೆ, ಮುಂದಿನೋರು ಹೇಳ್ರಿ" ಎನ್ನುತ್ತಿದ್ದ. ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ನಾನು ತಪ್ಪು ಮಾಡಿದ್ದು ಕಂಡರೆ ನನಗೆ ಹೇಳಲಾರದೆ ಪಕ್ಕದಲ್ಲಿ ಕೂತ ಹುಡುಗಿಯನ್ನು ಗದರುತ್ತಿದ್ದ. ನಾನು ಕೇಳಿಸಿಕೊಂಡು ತಿದ್ದಿಕೊಳ್ಳಬೇಕು. ಆ ಹುಡುಗಿ ಉಳವಿಯಿಂದ ಬರುತ್ತಿದ್ದವಳು, ತರಗತಿಗೇ ಜಾಣೆ, ಒಂದು ತಪ್ಪೂ ಮಾಡುತ್ತಿರಲಿಲ್ಲ.

ಒಂದು ತಿಂಗಳು ತಡೆದುಕೊಂಡಳು. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹತ್ತಿರ ಬಂದು, "ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಒಂಚೂರು ಸರಿಯಾಗಿ ಓದ್ಕಳ್ರಿ. ನಿಮ್ಮ ಪಾಲಿನ ಬೈಗಳ ತಿಂದು ತಿಂದು ನಂಗೆ ಸಾಕಾಗಿದೆ" ಎಂದಳು.

ಗುಡವಿಯ ಹಕ್ಕಿಗಳು

ಮೊದಲ ಅಭ್ಯಾಸಕ್ಕೆ ಗುಡವಿ ಪಕ್ಷಿಧಾಮದ ಬಗ್ಗೆ ಒಂದು ಪುಟ ಮಾಡಬೇಕಿತ್ತು. ಇಂಗ್ಲಿಷಿನಲ್ಲಿ. ಇದು ನನ್ನ ಕ್ಷೇತ್ರ ಎಂದು ಎದೆಯುಬ್ಬಿಸಿ ಕೂತೆ. ತಲೆಬರಹವನ್ನು ಪುಟದ ನಡುವೆ ತರಲು ಅಕ್ಷರ ಎಣಿಸಿ, ಸಾಲಿನ ಅಳತೆಯಲ್ಲಿ ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಅಷ್ಟು ಸಲ ಸ್ಪೇಸ್ ಒತ್ತಿದೆ. ಹಕ್ಕಿಯ ಹೆಸರು ಒಂದು ಕಂಬಸಾಲಿನಲ್ಲಿ, ಬರುವ ತಿಂಗಳು ಒಂದರಲ್ಲಿ, ಕೂರುವ ಮರ ಇನ್ನೊಂದರಲ್ಲಿ, ಹೀಗೆ ಮೂರು ಕಾಲಮ್ಮು. ಕಣ್ಣು ಮುಚ್ಚಿಕೊಂಡು, ಒಂದೇ ಒಂದು ಅಕ್ಷರ ತಪ್ಪದೆ ಮುಗಿಸಿದೆ. ಟೈಪಿಂಗಿನ ಸೀನಿಯರ್ ಪರೀಕ್ಷೆಯಲ್ಲಾಗಿದ್ದರೆ ಡಿಸ್ಟಿಂಕ್ಷನ್.

ಹುಡುಗರು ಕೆಲಸ ಬಿಟ್ಟು ನನ್ನ ಬೆರಳು ನೋಡುತ್ತಿದ್ದರು. ಉಪನ್ಯಾಸಕ ಹೆಮ್ಮೆಯಿಂದ "ನೋಡ್ರಿ, ಟೈಪಿಂಗ್ ಅಂದ್ರೆ ಇದು" ಎಂದು ಪುಟವನ್ನು ತೆರೆದು ತೋರಿಸಿದ.

ತಲೆಬರಹ ಎಡತುದಿಗೆ ಓಡಿಹೋಗಿತ್ತು. ಹಕ್ಕಿ, ತಿಂಗಳು, ಮರ ಎಲ್ಲವೂ ಒಂದರ ಬಾಲಕ್ಕೆ ಒಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಎಷ್ಟು ಸ್ಪೇಸ್ ಒತ್ತಿದರೂ ಕಂಪ್ಯೂಟರ್ ಅದನ್ನು ಒಂದೇ ಎಂದು ಎಣಿಸುತ್ತದಂತೆ, ಸಾಲು ಮುರಿದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಜಾಗ ಬಿಡಬೇಕಾದರೂ ಅದಕ್ಕೊಂದು ಬೇರೆ ಗುರುತು ಬರೆಯಬೇಕು. ಇಪ್ಪತ್ತೆರಡು ವರ್ಷ ಮಾರ್ಜಿನ್ ಬಗ್ಗೆ ಭಾಷಣ ಮಾಡಿದವನು ನಾನು. ನನಗೆ ನಿಜವಾಗಿಯೂ ಅಳು ಬಂತು.

ಉಪನ್ಯಾಸಕ ಕೆಮ್ಮಿದ. ಆಗ ಉಳವಿಯ ಹುಡುಗಿ ಮೆಲ್ಲಗೆ ಅಂದಳು: "ಬೇಜಾರ್ ಮಾಡ್ಕಬ್ಯಾಡಿ ಸಾರ್. ಗುಡವಿ ಕೆರೇಲೂ ಅವು ಹಿಂಗೇ ಕೂತಿರ್ತಾವೆ."

ಮೂರು ಪ್ರತಿ

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಭ್ಯಾಸ ಬಿಟ್ಟರೆ ಕೆಟ್ಟೆ ಎಂದು, ಕೋರ್ಸಿನ ಪಾಠವನ್ನೆಲ್ಲ ಟೈಪ್‌ರೈಟರಿನ ಮೇಲೇ ಹೊಡೆಯುತ್ತಿದ್ದೆ. ವೆಬ್‌ಸೈಟಿನ ಪ್ರತಿ ಗುರುತಿನ ಎರಡೂ ಬದಿಗೆ ಹಾಕಬೇಕಾದ ಕೋನದ ಕಂಸ ಯಂತ್ರದಲ್ಲಿಲ್ಲ. ಆ ಜಾಗ ಬಿಟ್ಟು, ಆಮೇಲೆ ಕೆಂಪು ಶಾಯಿಯಲ್ಲಿ ತುಂಬುತ್ತಿದ್ದೆ. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆಯುವುದು ಕೈಗೆ ಬಂದ ಚಾಳಿ. ಒಂದು ಪ್ರತಿ ಉಪನ್ಯಾಸಕನಿಗೆ ಒಪ್ಪಿಸಿದರೆ ಅವನು ಎರಡೂ ಕೈ ಚಾಚಿ, ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದ. ಓದುತ್ತಿದ್ದನೋ ಇಲ್ಲವೋ ಗೊತ್ತಿಲ್ಲ.

ಒಂದು ಸಂಜೆ ಹೆಂಡತಿ ಕೇಳಿದಳು, "ಅಲ್ರೀ, ನಾಲ್ಕು ತಿಂಗ್ಳಿಂದ ಹೋಗ್ತೀರಿ. ಒಂದಿನಾದ್ರೂ ಆ ವೆಬ್‌ಸೈಟ್ ಅಂದ್ರೆ ಏನಂತ ತೋರಿಸ್ಲಿಲ್ಲ."

ಕಾಗದ ಕೊಟ್ಟೆ. ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಇದೇನಾ?"

"ಇದೇ. ಇದನ್ನ ಕಂಪ್ಯೂಟರಿಗೆ ಹಾಕಿದ್ರೆ ಅಮೆರಿಕದಲ್ಲಿ ಕೂತೋರೂ ಓದ್ಬಹುದು."

ಅವಳು ಇನ್ನೊಮ್ಮೆ ನೋಡಿದಳು. "ಅವರಿಗಾದ್ರೂ ಅರ್ಥ ಆಗ್ತದಂತಾ?"

ಪ್ರಿನ್ಸಿಪಾಲರ ಹಣೆ

ಕಾಲೇಜಿಗೆ ಇದ್ದದ್ದು ಒಂದೇ ಫೋನು, ಅದು ಪ್ರಿನ್ಸಿಪಾಲರ ಕೋಣೆಯಲ್ಲಿ. ಇಂಟರ್ನೆಟ್ ಬರಬೇಕಾದರೆ ಆ ಫೋನಿನ ವೈರನ್ನೇ ಕಂಪ್ಯೂಟರಿಗೆ ಜೋಡಿಸಬೇಕು. ನಮ್ಮ ತರಗತಿಯ ಫೋಟೋ ಇರುವ ಪುಟವನ್ನು ಉಪನ್ಯಾಸಕ ಶಿವಮೊಗ್ಗಕ್ಕೆ ಹೋಗಿ ಇಂಟರ್ನೆಟ್ಟಿಗೆ ಹಾಕಿಸಿ ಬಂದಿದ್ದ. ಅದು ನಿಜವಾಗಿ ಬಂದಿದೆಯೋ ಇಲ್ಲವೋ ನೋಡುವ ದಿನ ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿಕೊಂಡು ಆ ಕೋಣೆಯಲ್ಲಿ ನಿಂತೆವು.

ಆರು ಸಲ ಲೈನ್ ಸಿಗಲಿಲ್ಲ. ಏಳನೇ ಸಲ ಸಿಕ್ಕಿತು. "ಯಾರೂ ಉಸಿರಾಡಬ್ಯಾಡ್ರಿ" ಎಂದು ಉಪನ್ಯಾಸಕ ಅಂದ. ಫೋಟೋ ಮೇಲಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೊದಲು ಆಕಾಶ. ಹತ್ತು ನಿಮಿಷಕ್ಕೆ ಹೆಂಚು. ಆಮೇಲೆ ಹಿಂದಿನ ಸಾಲಿನ ಹುಡುಗರ ಕ್ರಾಪು, ನನ್ನ ಬೋಳು ತಲೆ, ಮುಂದೆ ಕುರ್ಚಿಯಲ್ಲಿ ಕೂತ ಪ್ರಿನ್ಸಿಪಾಲರ ಹಣೆ. ಹಣೆಯ ಮೇಲೆ ವಿಭೂತಿಯ ಒಂದು ಗೆರೆ, ಎರಡು ಗೆರೆ, ಮೂರನೇ ಗೆರೆಯೂ ಬಂತು. ಇನ್ನೇನು ಹುಬ್ಬು ಬರಬೇಕು.

ಪ್ರಿನ್ಸಿಪಾಲರಿಗೆ ಸಂತೋಷ ತಡೆಯಲಾಗಲಿಲ್ಲ. ಹೆಂಡತಿಗೆ ಹೇಳಿಬಿಡೋಣ ಎಂದು ಪಕ್ಕದಲ್ಲಿ ಅದೇ ಲೈನಿಗೆ ಅಂಟಿಕೊಂಡಿದ್ದ ಫೋನ್ ಎತ್ತಿದರು.

ರಿಸೀವರ್ ಕೀರಲು ದನಿಯಲ್ಲಿ ಅರಚಿತು. ಫೋಟೋ ಅಲ್ಲೇ ನಿಂತಿತು. ಅವತ್ತು ಮತ್ತೆ ಲೈನ್ ಸಿಗಲಿಲ್ಲ. ನಾವು ಹೊರಬಿದ್ದು ಚಪ್ಪಲಿ ಹಾಕಿಕೊಳ್ಳುವಾಗ, ಒಳಗೆ ಪ್ರಿನ್ಸಿಪಾಲರು ಪರದೆಯನ್ನೇ ನೋಡುತ್ತ ಅನ್ನುತ್ತಿದ್ದರು: "ಇರ್ಲಿ ಬಿಡ್ರಿ. ನಮ್ಮೋರಾದ್ರೆ ಹಣೆ ನೋಡಿದ್ರೂ ಗುರುತು ಹಿಡೀತಾರೆ."

ನಲವತ್ತೊಂದು

ಪರೀಕ್ಷೆಗೆ ಶಿವಮೊಗ್ಗದಿಂದ ಎಗ್ಸಾಮಿನರ್ ಬಂದರು. ಯಾರ ಮುಖವನ್ನೂ ನೋಡದೆ, ಯಾರ ನಮಸ್ಕಾರಕ್ಕೂ ತಲೆಯಾಡಿಸದೆ ಪ್ರಶ್ನೆಪತ್ರಿಕೆ ಹಂಚಿದರು. ಒಂದು ಊರಿನ ಬಗ್ಗೆ ಪುಟ ಮಾಡಬೇಕು, ಅದರಲ್ಲಿ ಒಂದು ಚಿತ್ರ ಬರಬೇಕು. ಎರಡು ಗಂಟೆ ಸಮಯ. ನಲವತ್ತು ಅಂಕ ಬಂದರೆ ಪಾಸು.

ನಾನು ಚಂದ್ರಗುತ್ತಿಯನ್ನು ಆರಿಸಿಕೊಂಡೆ. ಬೆಟ್ಟದ ಚಿತ್ರವನ್ನು ಕಾಲೇಜಿನವರೇ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಅದರ ಹೆಸರು ಇಂಗ್ಲಿಷಿನಲ್ಲಿ 'ಹಿಲ್', ಮುಂದೆ ಅಂಕಿ ಒಂದು. ಆ ಹೆಸರನ್ನು ಪುಟದಲ್ಲಿ ಬರೆದರೆ ಚಿತ್ರ ತಾನೇ ಬಂದು ಕೂರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿ ತೆರೆದು ನೋಡಿದೆ. ಬರಹವೆಲ್ಲ ಸರಿಯಾಗಿತ್ತು. ಚಿತ್ರದ ಜಾಗದಲ್ಲಿ ಖಾಲಿ ಚೌಕ, ಅದರ ಮೂಲೆಯಲ್ಲಿ ಒಂದು ಕೆಂಪು ಕತ್ತರಿ ಗುರುತು.

ತರಗತಿಯಲ್ಲೂ ಒಂದೆರಡು ಸಲ ಹೀಗಾಗಿತ್ತು. ಆಗ ವೋಲ್ಟೇಜ್ ಕಡಿಮೆ ಅಂದುಕೊಂಡಿದ್ದೆ. ಈಗ ಹೆಸರನ್ನು ಅಳಿಸಿ ಮತ್ತೆ ಹೊಡೆದೆ. ಕೆಂಪು ಗುರುತು. ಹನ್ನೊಂದು ಸಲ ಹೊಡೆದೆ, ಹನ್ನೊಂದು ಸಲವೂ ಕೆಂಪು ಗುರುತು. ಅಂಗಿ ಬೆನ್ನಿಗೆ ಅಂಟಿತು. ನಾಲ್ಕು ಜನರ ಬ್ಯಾಚು, ಖಾಲಿ ಬೆಂಚು, ಹೆಂಡತಿಯ ಮುಖ, ಎಲ್ಲ ಆ ಖಾಲಿ ಚೌಕದಲ್ಲಿ ಕಾಣತೊಡಗಿದವು. ಉಪನ್ಯಾಸಕ ನನ್ನ ಹಿಂದೆ ಬಂದು ನಿಂತ. ಅವನ ಉಸಿರು ಕೇಳುತ್ತಿತ್ತು. ಪರೀಕ್ಷೆಯಲ್ಲಿ ಹೇಳಿಕೊಡುವ ಹಾಗಿಲ್ಲ. ತಡೆಯಲಾರದೆ ಉಳವಿಯ ಹುಡುಗಿಗೆ, "ಚಿತ್ರದ ಹೆಸರು ಸರಿಯಾಗಿ ನೋಡ್ಕಳಮ್ಮ!" ಎಂದು ಗದರಿದ.

"ನಂದು ಆಗ್ಲೇ ಬಂದದೆ ಸಾರ್" ಎಂದಳು ಅವಳು. ಎಗ್ಸಾಮಿನರ್ ತಲೆಯೆತ್ತಿ ನೋಡಿದರು. ಉಪನ್ಯಾಸಕ ಕಿಟಕಿಯ ಕಡೆ ಹೋದ.

ಸಮಯ ಮುಗಿಯಿತು. ಎಗ್ಸಾಮಿನರ್ ನನ್ನ ಪರದೆಗೆ ಕಣ್ಣು ಹತ್ತಿರ ತಂದು ಒಂದೊಂದೇ ಅಕ್ಷರ ಓದಿದರು. "ಹೆಸರು ಸರಿಯಾಗೇ ಇದೆಯಲ್ರೀ" ಎಂದರು. ಇನ್ನೊಮ್ಮೆ ಓದಿದರು. "ಎಲ್ಲಾ ಸರಿ ಇದೆ. ಯಾಕೆ ಬರ್ತಿಲ್ಲ?" ನನ್ನನ್ನು ನೋಡಿದರು, ನನ್ನ ಬೋಳು ತಲೆ ನೋಡಿದರು, ಏನೋ ಬರೆದುಕೊಂಡು ಮುಂದೆ ಹೋದರು.

ಅವರಿಗೆ ಮೂರು ಗಂಟೆಯ ಬಸ್ಸು ಹಿಡಿಯುವ ಅವಸರ. ಅಂಕಪಟ್ಟಿಯನ್ನು ಶಿವಮೊಗ್ಗದ ಕಂಪ್ಯೂಟರಿಗೆ ಫ್ಲಾಪಿಯಲ್ಲೇ ಕಳಿಸಬೇಕಿತ್ತು. ನಂಬರುಗಳು ಅದರಲ್ಲಿ ಮೊದಲೇ ಇದ್ದವು, ಅಂಕ ತುಂಬಿದರಾಯಿತು. "ಇಲ್ಲಿ ಬೇಗ ಟೈಪ್ ಮಾಡೋರು ಯಾರ್ರೀ?" ಎಂದರು. ಹದಿನೆಂಟು ಜನರೂ ನನ್ನ ಕಡೆ ಕೈ ತೋರಿಸಿದರು.

ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಐದು, ಐವತ್ತೆಂಟು. ಆರು, ತೊಂಬತ್ತೊಂದು. ಅದು ಉಳವಿಯ ಹುಡುಗಿ. ಏಳು, ಅರವತ್ತಮೂರು.

"ಎಂಟು, ನಲವತ್ತೊಂದು."

ಪಾಸು! ಒಂದೇ ಒಂದು ಅಂಕದಲ್ಲಿ ದಡ ಸೇರಿದ್ದೆ. ಕಣ್ಣು ತುಂಬಿ ಪರದೆ ಮಸುಕಾಯಿತು. ಆದರೆ ನನಗೆ ಕಣ್ಣು ಏತಕ್ಕೆ ಬೇಕು? ನೋಡದೆಯೇ ಹೊಡೆದು ಪಟ್ಟಿ ಮುಗಿಸಿದೆ. ಎಗ್ಸಾಮಿನರ್ ಮೊದಲ ಸಲ ನಕ್ಕರು. "ಏನ್ ಸ್ಪೀಡ್ರೀ ನಿಮ್ದು!" ಎಂದರು.

ಮೂರು ವಾರ ಬಿಟ್ಟು ಫಲಿತಾಂಶ ಬಂತು. ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರಿನ ಮುಂದೆ ನಾಲ್ಕು ಅಂಕ ಇತ್ತು. ನೂರಕ್ಕೆ ನಾಲ್ಕು. ಉಳವಿಯ ಹುಡುಗಿಗೆ ಒಂಬತ್ತು. ಇನ್ನೂ ಇಬ್ಬರಿಗೆ ಐದು, ಆರು. ಹುಡುಗಿ ಗೋಡೆಗೆ ಒರಗಿ ಅಳುತ್ತಿದ್ದಳು. ಅವಳ ಅಪ್ಪ ಊರಿಂದ ಬಂದು ಪ್ರಿನ್ಸಿಪಾಲರ ಮೇಜು ಕುಟ್ಟುತ್ತಿದ್ದರು. ನಾನೂ, "ತೊಂಬತ್ತೊಂದು ಅಂತ ನಾನೇ ಕಿವಿಯಾರೆ ಕೇಳಿದೀನಿ, ನಾನೇ ಹೊಡೆದಿದೀನಿ!" ಎಂದು ಕೂಗಾಡಿದೆ.

ಉಪನ್ಯಾಸಕ ಪಟ್ಟಿಯ ಪ್ರತಿಯಿದ್ದ ಇನ್ನೊಂದು ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿದ. ಎಲ್ಲ ಸರಿಯಾಗಿತ್ತು. ನಲವತ್ತೊಂದು, ತೊಂಬತ್ತೊಂದು, ಎಲ್ಲವೂ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಒಂದು ಅಂತ ಹೊಡೀರಿ ನೋಡಾಣ" ಅಂದ.

ಹೊಡೆದೆ. ಬಲಗೈ ಉಂಗುರಬೆರಳು ತಾನಾಗಿ ಹೋಗಿ ಸಣ್ಣ 'ಎಲ್' ಅಕ್ಷರದ ಮೇಲೆ ಬಿತ್ತು.

ನನ್ನ ಇನ್‌ಸ್ಟಿಟ್ಯೂಟಿನ ಹಳೆಯ ಯಂತ್ರಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಕೀಲಿಗಳು ಎರಡರಿಂದ ಶುರು. ಒಂದು ಬೇಕಾದರೆ ಸಣ್ಣ ಎಲ್ ಹೊಡೆಯುವುದು, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇಪ್ಪತ್ತೆರಡು ವರ್ಷ ಹಾಗೇ ಹೊಡೆದಿದ್ದೆ, ಹಾಗೇ ಹೊಡೆಸಿದ್ದೆ. ಎಗ್ಸಾಮಿನರ್ ಕಣ್ಣಿಗೆ ಅದು ಒಂದು. ಕಂಪ್ಯೂಟರಿಗೆ ಅಲ್ಲ. ಅದು ನಾಲ್ಕನ್ನು ಓದಿ, ಮುಂದೆ ಇರುವುದು ಅಂಕಿಯಲ್ಲವೆಂದು ಅಲ್ಲೇ ಬಿಟ್ಟುಬಿಟ್ಟಿತ್ತು. ಬೆಟ್ಟದ ಚಿತ್ರ ಬಾರದಿದ್ದದ್ದೂ ಇದಕ್ಕೇ.

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹುಡುಗಿ ಅಳು ನಿಲ್ಲಿಸಿದ್ದಳು. ನಾನು, "ತಿದ್ದುಪಡಿ ಪತ್ರ ಈಗಲೇ ಟೈಪ್ ಮಾಡ್ಕೊಡ್ತೀನಿ" ಎಂದೆ.

ಉಪನ್ಯಾಸಕ ಎರಡೂ ಕೈ ಮುಗಿದ. "ಬ್ಯಾಡ ಮೇಷ್ಟ್ರೇ, ಪೆನ್ನಲ್ಲಿ ಬರೀತೀನಿ. ನಿಮ್ಮನ್ನ ಫೇಲ್ ಮಾಡಕ್ಕೆ ನನ್ನ ಕೈಲಾಗ್ಲಿಲ್ಲ, ಶಿವಮೊಗ್ಗದಿಂದ ಬಂದೋರ ಕೈಲೂ ಆಗ್ಲಿಲ್ಲ. ಕೊನೆಗೆ ಅದನ್ನೂ ನೀವೇ ಮಾಡ್ಕಂಡ್ರಲ್ರೀ!"