ಹತ್ತನೇ ನಿಮಿಷದ ಹುಡುಗಿ

ನಮ್ಮ ನರ್ಸಿಂಗ್ ಶಾಲೆಯ ಇತಿಹಾಸದಲ್ಲಿ ಕೃತಿಸ್ವಾಮ್ಯದ ಉಲ್ಲಂಘನೆ ಒಂದೇ ಒಂದು ಸಲ ನಡೆದಿದೆ. ಅದು ಒಳ್ಳೆಯ ಉದ್ದೇಶದಿಂದ ನಡೆದದ್ದರಿಂದ ತಕ್ಷಣವೇ ಕಠಿಣ ಕ್ರಮ ಕೈಗೊಳ್ಳಲಾಯಿತು. ಗುಮಾಸ್ತನಾದ ನಾನೇ ಆದೇಶ ಟೈಪು ಮಾಡಿದೆ.

ಸುರಿಯುವ ರಕ್ತವನ್ನು ನಿಲ್ಲಿಸುವುದು ಹೇಗೆಂಬ ಹತ್ತು ನಿಮಿಷದ ವಿಡಿಯೋ ತೋರಿಸಲು ನರ್ಸಿಂಗ್ ಮೇಡಂ ಅನುಮತಿ ಕೇಳಿದ್ದರು. ಪ್ರಿನ್ಸಿಪಾಲರು ಎಲ್ಲೋ ಕಿವಿಗೆ ಬಿದ್ದ ಮಾತನ್ನು ಸುತ್ತೋಲೆಯಾಗಿ ಹೊರಡಿಸಿದರು: “ಪರರ ಕೃತಿಯಲ್ಲಿ ಶೇಕಡ ಹತ್ತಕ್ಕಿಂತ ಹೆಚ್ಚನ್ನು ಯಾವ ವಿದ್ಯಾರ್ಥಿನಿಯೂ ಅರಿಯತಕ್ಕದ್ದಲ್ಲ.”

ಮೇಡಂ ಏನು ಕಡಿಮೆಯೇ? ತರಗತಿಯ ಹತ್ತು ಹುಡುಗಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಒಬ್ಬೊಬ್ಬರಿಗೆ ಒಂದೊಂದು ನಿಮಿಷ ತೋರಿಸಿದರು. ತಾವು ಗೋಡೆಗೆ ಮುಖ ಮಾಡಿ ನಿಂತಿದ್ದರು. ನೋಡಿದ್ದನ್ನು ಮಾಡಬಹುದು, ಆದರೆ ಬಾಯಿ ಬಿಡಬಾರದು ಎಂದು ಹುಡುಗಿಯರಿಂದ ಮುಚ್ಚಳಿಕೆ ಬರೆಸಿಕೊಂಡೆವು.

ಮರುದಿನ ಆ ಮುಚ್ಚಳಿಕೆಗಳ ಅಂಚು ಕತ್ತರಿಸುವಾಗಲೇ ಪ್ರಿನ್ಸಿಪಾಲರ ಬಲಗೈ ಪೇಪರ್ ಕಟರಿಗೆ ಸಿಕ್ಕಿತು. ರಕ್ತವೋ ರಕ್ತ!

“ಅಯ್ಯಯ್ಯೋ! ಬನ್ರೇ, ಸಾಲಾಗಿ ನಿಲ್ರೇ!” ಎಂದು ಮೇಡಂ ಕೂಗಿದರು.

ಮೊದಲನೇ ನಿಮಿಷದವಳು ವಿಡಿಯೋದ ಆರಂಭದ ಸಂಗೀತ ಗುನುಗಿದಳು. ಎರಡನೆಯವಳು ಕೈ ತೊಳೆದುಕೊಂಡಳು. ಮೂರನೆಯವಳು ಅಂದು ರಜೆ.

“ಗಾಯ ಒತ್ತಿ ಹಿಡಿಯೋದು ಅವಳ ನಿಮಿಷದಲ್ಲೇ ಇರ್ಬೇಕು ಸಾರ್. ಕೈ ಕೊಡಿ, ನಾನೇ ಹಿಡೀತೀನಿ. ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ನಂದು,” ಎಂದರು ಮೇಡಂ.

ಪ್ರಿನ್ಸಿಪಾಲರು ಕೈ ಹಿಂದಕ್ಕೆಳೆದುಕೊಂಡರು. “ನೀವೂ ವಿಡಿಯೋ ನೋಡೇ ಕಲಿತಿದ್ದು ಅಂತ ನಾಳೆ ಯಾರಾದ್ರೂ ಅಂದ್ರೆ? ಶಾಲೆ ಮಾನ ಏನಾಗ್ಬೇಕು? ಅವಳು ಸೋಮವಾರ ಬರ್ತಾಳಲ್ಲ, ಕಾಯೋಣ.”

ಅಂದು ಗುರುವಾರ.

ಹತ್ತನೆಯವಳಿಗೆ ತಡೆಯಲಾಗಲಿಲ್ಲ. “ಸಾರ್, ನನ್ನ ನಿಮಿಷದಲ್ಲಿ ಬರೀ ಅಕ್ಷರ ಇತ್ತು. ಪಾಠ ಮಾಡೋಕೆ ಯಾರು ಬೇಕಾದ್ರೂ ಈ ವಿಡಿಯೋ ಪೂರ್ತಿ ತೋರಿಸ್ಬಹುದು, ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ಬರ್ದಿತ್ತು!”

ಮೇಡಂ ಮುಖ ಅರಳಿತು. ಪ್ರಿನ್ಸಿಪಾಲರ ಮುಖ ಮೊದಲೇ ಬಿಳಿಚಿತ್ತು, ಇನ್ನಷ್ಟು ಬಿಳಿಚಿತು.

“ಬಾಯಿ ಬಿಟ್ಟೆಯಲ್ಲೇ! ಮುಚ್ಚಳಿಕೆ ಬರ್ಕೊಟ್ಟಿರ್ಲಿಲ್ವಾ?”

ಎಡಗೈಯಲ್ಲೇ ಅವಳ ಅಮಾನತಿಗೆ ಸಹಿ ಹಾಕಿ, ಆಮೇಲೆ ಎಚ್ಚರ ತಪ್ಪಿದರು. ಕರ್ತವ್ಯನಿಷ್ಠೆ ಎಂದರೆ ಅದು.

ಆಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಬಿತ್ತು. ಸೋಮವಾರ ಮೂರನೆಯವಳು ಬಂದು, ಗಡಿಯಾರ ನೋಡಿಕೊಂಡು, ಹೊಲಿಗೆಯ ಮೇಲೆ ಸರಿಯಾಗಿ ಒಂದು ನಿಮಿಷ ಒತ್ತಿ ಹಿಡಿದಳು. “ಅಮ್ಮಾ!” ಎಂದು ಪ್ರಿನ್ಸಿಪಾಲರು ತೃಪ್ತಿಯಿಂದ ಚೀರಿದರು. ಅಲ್ಲಿಂದ ಒಂಬತ್ತನೇ ನಿಮಿಷದವರೆಗೆ ಎಲ್ಲವೂ ಕ್ರಮವಾಗಿ ನೆರವೇರಿತು.

ಹತ್ತನೆಯವಳು ಇನ್ನೂ ಅಮಾನತಿನಲ್ಲಿದ್ದಾಳೆ. ಅವಳ ನಿಮಿಷದಲ್ಲಿ ಏನಿತ್ತೋ, ಕಡತದ ಪ್ರಕಾರ ನಮಗ್ಯಾರಿಗೂ ಗೊತ್ತಿಲ್ಲ.