ಕರಿಹಲಗೆಯ ಚಿನ್ನಿ

ಸಣ್ಣಬಸಪ್ಪ ಮೇಷ್ಟ್ರಿಗೆ ಚಿತ್ರ ಬಿಡಿಸಲು ಬಾರದೇ ಇದ್ದಿದ್ದರೆ ಆ ಬುಧವಾರವೂ ಉಳಿದ ಬುಧವಾರಗಳಂತೆ ಸುಮ್ಮನೆ ಕಳೆದುಹೋಗುತ್ತಿತ್ತು. ಏನು ಮಾಡುವುದು, ಅವರ ಕೈ ಒಳ್ಳೆಯದು. ಬೊಮ್ಮನಹಾಳ್‌ನಿಂದ ನಾಲ್ಕು ಕಿಲೋಮೀಟರು ಹೋಗಿ ಕಾಲುವೆ ದಾಟಿದರೆ ಸಿಗುವ ಊರಿನ ಕನ್ನಡ ಶಾಲೆಯಲ್ಲಿ ಅವರು ಮೇಷ್ಟ್ರು. ಅಲ್ಲಿ ಗೋಡೆ ಮೇಲಿನ ನವಿಲು, ಮಾವಿನ ಗೊಂಚಲು, ಎತ್ತಿನ ಗಾಡಿ ಎಲ್ಲವೂ ಅವರದೇ.

ಅವರಿಗೆ ಒಂದು ತತ್ವವೂ ಇತ್ತು. ಕೊರಳಲ್ಲಿ ಲಿಂಗ ಕಟ್ಟಿದವರು, ಪೂಜೆಯಾಗದೆ ನೀರು ಮುಟ್ಟದವರು, ನಲವತ್ತಾರು ವರ್ಷದಲ್ಲಿ ಮೊಟ್ಟೆಯ ವಾಸನೆಯನ್ನೂ ಹತ್ತಿರ ಬಿಟ್ಟುಕೊಳ್ಳದವರು. ಆದರೆ ‘ನನ್ನ ನಂಬಿಕೆ ನನಗೆ. ಕೇಳಿದರೆ ಹೇಳುತ್ತೇನೆ, ಹೇಳಿ ಬಿಟ್ಟುಬಿಡುತ್ತೇನೆ, ಯಾರ ಮೇಲೂ ಹೇರುವುದಿಲ್ಲ’ ಅನ್ನುತ್ತಿದ್ದರು. ತಮಾಷೆಯೆಂದರೆ ನಾಲ್ಕು ವರ್ಷದಿಂದ ಆ ಶಾಲೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಇಷ್ಟು ಚೆನ್ನಾಗಿ ಹೇಳಲು ಸಿದ್ಧವಾಗಿರುವ ಮನುಷ್ಯನನ್ನು ಯಾರೂ ಕೇಳದೇ ಹೋದರೆ ಎಷ್ಟು ಸಂಕಟವಾಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಆ ದಿನ ಇನ್ನೊಬ್ಬ ಮೇಷ್ಟ್ರು ರಘುನಾಥ್ ತರಬೇತಿಗೆಂದು ರಾಯದುರ್ಗಕ್ಕೆ ಹೋಗಿದ್ದರು. ಹಾಗಾಗಿ ಐದೂ ತರಗತಿಯ ನಲವತ್ತಮೂರು ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದರು. ಬೆಳಿಗ್ಗೆ ಹತ್ತೂವರೆಗೆ ಮೂರನೇ ತರಗತಿಯ ಶ್ರೀಲತಾ ಎದ್ದು ನಿಂತು ಕೇಳಿದಳು.

“ಸಾರ್, ನೀವ್ಯಾಕ ತತ್ತಿ ತಿನ್ನಂಗಿಲ್ಲ?”

ಮೇಷ್ಟ್ರ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ತತ್ತಿಯಲ್ಲಿ ಒಂದು ಜೀವ ಇದೆ ಅಂತ ನಮ್ಮ ಮನೆಯ ಹಿರಿಯರು ನಂಬಿದವರು, ನಾನೂ ನಂಬಿದ್ದೇನೆ. ನಿಮ್ಮ ಮನೆಯಲ್ಲಿ ಬೇರೆ ರೀತಿ ನಂಬುತ್ತಾರೆ. ಇದು ಮೇಲಲ್ಲ, ಅದು ಕೆಳಗಲ್ಲ. ನೀವು ನನಗೆ ತಿನ್ನು ಅನ್ನಬಾರದು, ನಾನು ನಿಮಗೆ ಬೇಡ ಅನ್ನಬಾರದು. ಇಷ್ಟು ಹೇಳಿದರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕೈಯಲ್ಲಿ ಸೀಮೆಸುಣ್ಣ ಇತ್ತು.

ಮೊದಲು ಒಂದು ಮೊಟ್ಟೆ ಬರೆದರು. ಅದರೊಳಗೆ ಒಂದು ಮರಿ. ಮರಿಗೆ ಹಳದಿ ಬಣ್ಣ ತುಂಬಿದರು. ಪುಟ್ಟ ಕೊಕ್ಕು, ಮಡಚಿದ ರೆಕ್ಕೆ, ಮುಚ್ಚಿದ ಕಣ್ಣು. ಕಣ್ಣಿಗೆ ರೆಪ್ಪೆ ಇಲ್ಲದಿದ್ದರೆ ಬೋಳು ಕಾಣುತ್ತದೆಂದು ಮೂರು ಮೂರು ರೆಪ್ಪೆ ಎಳೆದರು. ಕೊನೆಗೆ, ಯಾಕೆ ಅಂತ ಅವರಿಗೂ ಗೊತ್ತಿಲ್ಲ, ಕೊಕ್ಕಿನ ತುದಿಯಲ್ಲಿ ಒಂದು ನಗು ಇಟ್ಟರು.

“ಅದು ನಿದ್ದಿ ಮಾಡಾಕ ಹತ್ತೈತೇನ್ರಿ ಸಾರ್?” ಅಂದಳು ಶ್ರೀಲತಾ.

“ಹೌದಮ್ಮ,” ಅಂದುಬಿಟ್ಟರು ಮೇಷ್ಟ್ರು.

ಇಂಟರ್‌ವಲ್ ಮುಗಿಯುವಷ್ಟರಲ್ಲಿ ಆ ಮರಿಗೆ ಚಿನ್ನಿ ಅಂತ ಹೆಸರಾಗಿತ್ತು.

ಮಧ್ಯಾಹ್ನ ಅಡುಗೆಯ ಹಂಪಕ್ಕ ತಟ್ಟೆ ತಟ್ಟೆಗೂ ಮೊಟ್ಟೆ ಇಟ್ಟುಕೊಂಡು ಹೋದಳು. ನಲವತ್ತಮೂರರಲ್ಲಿ ಐದು ಮಕ್ಕಳು ಮೇಷ್ಟ್ರ ಪೈಕಿಯವರ ಮನೆಯವರು. ಅವರಿಗೆ ಬಾಳೆಹಣ್ಣು. ಉಳಿದ ಮೂವತ್ತೆಂಟು ಮಕ್ಕಳು ಅನ್ನ ಸಾರು ಮುಗಿಸಿ, ಮೊಟ್ಟೆಯನ್ನು ಜೋಪಾನವಾಗಿ ತಟ್ಟೆಯ ಅಂಚಿಗೆ ಸರಿಸಿ ಎದ್ದು ಕೈತೊಳೆದವು. ಒಂದೆರಡು ಮಕ್ಕಳು ಮೊಟ್ಟೆಗೆ ಕೈಮುಗಿದವು.

ಹಂಪಕ್ಕ ಸೌಟು ಹಿಡಿದುಕೊಂಡೇ ಕೋಣೆಗೆ ಬಂದಳು. ಶ್ರೀಲತಾ ಅವಳ ಮೊಮ್ಮಗಳು.

“ಸಾರ್, ಏನ್ ಹೇಳೀರಿ ಹುಡುಗ್ರಿಗೆ? ಒಂದೂ ತತ್ತಿ ಮುಟ್ಟಿಲ್ಲ.”

“ನಾ ಏನೂ ಹೇಳಿಲ್ಲ ಹಂಪಕ್ಕ. ಅವರವರ ಇಷ್ಟ ಅಂದೀನಿ.”

“ನಮ್ಮ ಹುಡುಗಿಗೆ ರಕ್ತ ಕಮ್ಮಿ ಐತಿ ಅಂತ ನರ್ಸಮ್ಮ ಚೀಟಿ ಬರದು ಕೊಟ್ಟಾಳ. ತತ್ತಿ ತಿನ್ನಸು ಅಂದಾಳ. ಕೂಲಿ ಮಾಡೋ ಮನ್ಯಾಗ ದಿನಾ ನಾ ಎಲ್ಲಿಂದ ತರ್ಲಿ? ಸಾಲ್ಯಾಗ ಸಿಗ್ತತಿ ಅಂತ ನೆಮ್ಮದಿಯಿಂದ ಇದ್ದೆ. ಈಗ ಚಿನ್ನಿ ಅಂತಾಳ, ಅಳ್ತಾಳ.”

ಶ್ರೀಲತಾ ಪ್ರಾರ್ಥನೆಗೆ ನಿಂತಾಗ ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಕೂತಿದ್ದನ್ನು ಮೇಷ್ಟ್ರೇ ನೋಡಿದ್ದರು. ಯಾರ ಮೇಲೂ ಹೇರಬಾರದೆಂದು ಅಷ್ಟು ಜಾಗ್ರತೆಯಾಗಿ ಆಡಿದ ಮಾತು ಹೋಗಿ ಹೋಗಿ ಆ ಮಗುವಿನ ತಟ್ಟೆಗೇ ಬಿದ್ದಿತ್ತು.

ತಕ್ಷಣ ಎಲ್ಲರನ್ನೂ ಕೂರಿಸಿ ಎರಡನೇ ಭಾಷಣ ಮಾಡಿದರು. ಇದು ಫಾರಂ ತತ್ತಿ, ಇದರಾಗ ಮರಿ ಇರಂಗಿಲ್ಲ, ಆರಾಮಾಗಿ ತಿನ್ರಿ ಅಂದರು. ಡಸ್ಟರ್ ಎತ್ತಿಕೊಂಡು ಚಿತ್ರ ಅಳಿಸಲು ಹೋದರು. “ಚಿನ್ನಿನ ಅಳಿಸಬ್ಯಾಡ್ರಿ ಸಾರ್” ಅಂತ ಒಂದನೇ ತರಗತಿ ಒಟ್ಟಿಗೇ ಅಳಲು ಶುರುಮಾಡಿತು. ಡಸ್ಟರ್ ಕೆಳಗಿಟ್ಟರು. ಚಿನ್ನಿ ನಗುತ್ತಲೇ ಇತ್ತು.

“ಮರಿ ಇಲ್ಲ ಅಂದ್ರ ನೀವ್ಯಾಕ ತಿನ್ನಂಗಿಲ್ಲ ಸಾರ್?” ಇದು ಅರುಣ್‌ಕುಮಾರ್. ಐದನೇ ತರಗತಿ, ಬಾಳೆಹಣ್ಣಿನ ಐವರಲ್ಲಿ ಒಬ್ಬ, ಊರಿನ ದೊಡ್ಡ ಕುಳ ದೊಡ್ಡಮಲ್ಲಪ್ಪನವರ ಒಬ್ಬನೇ ಮೊಮ್ಮಗ.

“ಅದು ನನ್ನ ನಂಬಿಕಿ ಅಪ್ಪ.”

“ನಮ್ಮದೂ ನಂಬಿಕಿ ಸಾರ್,” ಅಂದಳು ಶ್ರೀಲತಾ. “ತಿನ್ನು ಅಂತ ಯಾರಿಗೂ ಹೇರಬಾರದು ಅಂತ ನೀವೇ ಹೇಳಿದ್ರಿ.”

ಹದಿನೆಂಟು ವರ್ಷದ ನೌಕರಿಯಲ್ಲಿ ತಾವು ಹೇಳಿದ ಒಂದು ಪಾಠ ಮಕ್ಕಳಿಗೆ ಇಷ್ಟು ಚೆನ್ನಾಗಿ ಹತ್ತಿದ್ದನ್ನು ಮೇಷ್ಟ್ರು ನೋಡಿದ್ದು ಇದೇ ಮೊದಲು.

ಎರಡು ಗಂಟೆಗೆ ಶಾಲಾ ಕಮಿಟಿಯ ಚೇರ್ಮನ್ ಗಂಗರಾಜು ಬಂದ. ಸುದ್ದಿ ಅವನಿಗೆ ಹೇಗೆ ಮುಟ್ಟಿತು ಅಂತ ಕೇಳಬೇಡಿ, ಆ ಊರಿನಲ್ಲಿ ಸುದ್ದಿ ಮುಟ್ಟದವರು ಯಾರಿದ್ದಾರೆ. ಬಂದವನೇ ಚಿನ್ನಿಯ ಫೋಟೋ ತೆಗೆದ.

“ಮೇಷ್ಟ್ರ, ನಿಮ್ಮ ಧರ್ಮ ನಿಮ್ಮ ಮನ್ಯಾಗ ಇಟ್ಕೊಳ್ರಿ. ಬಡವರ ಮಕ್ಕಳ ಬಾಯಾಗಿನ ತತ್ತಿ ಕಸ್ಕೊಂತೀರೇನು?”

“ಅಲ್ಲ ಗಂಗರಾಜು, ಹುಡುಗಿ ಕೇಳಿದ್ಲು, ನಾ ಹೇಳಿದೆ. ಅಷ್ಟ.”

“ಹೇಳಿದ್ರಿ ಸರಿ. ರೆಪ್ಪಿ ಯಾಕ ಬರದ್ರಿ?”

ಮೇಷ್ಟ್ರು ತಿರುಗಿ ಚಿನ್ನಿಯ ರೆಪ್ಪೆಗಳನ್ನೇ ನೋಡಿದರು.

ಅಷ್ಟರಲ್ಲಿ ಇನ್ನೊಂದು ಬಾಗಿಲಿನಿಂದ ದೊಡ್ಡಮಲ್ಲಪ್ಪನವರು ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಶಾಲು, ಹಾರ, ಒಂದು ಚಿಪ್ಪು ಬಾಳೆಹಣ್ಣು. ಶಾಲೆಯಲ್ಲಿ ಯಾರಿಗೂ ಮೊಟ್ಟೆ ಕೊಡಬಾರದೆಂದು ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಾ ಬಂದವರು ಅವರು.

“ನಾಕು ವರ್ಷ ಕಾಗದ ಬರದು ಬರದು ಕೈ ಸೋತ್ವು ಮೇಷ್ಟ್ರ. ನೀವು ಒಂದು ಸೀಮೆಸುಣ್ಣದಾಗ ಮುಗಿಸಿದ್ರಿ.”

“ಯಜಮಾನ್ರ, ನಾ ಯಾರಿಗೂ ಬ್ಯಾಡ ಅಂದಿಲ್ರಿ. ನನ್ನ ನಂಬಿಕಿ ನಾ ಹೇಳಿದೆ...”

“ಅದ ನಿಮ್ಮ ದೊಡ್ಡತನ,” ಅಂದು ಶಾಲು ಹೊದಿಸಿಯೇಬಿಟ್ಟರು. ಗಂಗರಾಜು ಆ ಫೋಟೋವನ್ನೂ ತೆಗೆದ. ಒಂದು ಕಡೆ ಹಾರ, ಹಿಂದೆ ನಗುವ ಚಿನ್ನಿ, ಮುಂದೆ ಮೂವತ್ತೆಂಟು ಅನಾಥ ಮೊಟ್ಟೆ. ಇನ್ನು ಸಾಕ್ಷಿ ಬೇರೆ ಬೇಕಿರಲಿಲ್ಲ.

ಆಮೇಲೆ ಇಬ್ಬರೂ ಮೇಷ್ಟ್ರ ಎರಡು ಪಕ್ಕದಲ್ಲಿ ನಿಂತು ಅರ್ಧ ಗಂಟೆ ಜಗಳವಾಡಿದರು. ಒಬ್ಬರು ಮೇಷ್ಟ್ರು ಎಲ್ಲರ ಮೇಲೆ ಹೇರಿದ್ದಾರೆ ಅಂತ ಬೈದರು, ಇನ್ನೊಬ್ಬರು ಎಲ್ಲರ ಮೇಲೆ ಹೇರಿದ್ದಾರೆ ಅಂತ ಹೊಗಳಿದರು. ಹೇರಿಲ್ಲ ಅನ್ನುತ್ತಿದ್ದವರು ಮೇಷ್ಟ್ರು ಒಬ್ಬರೇ, ಅವರ ಮಾತು ಯಾರಿಗೂ ಬೇಕಾಗಿರಲಿಲ್ಲ. ಕೊನೆಗೆ ದೊಡ್ಡಮಲ್ಲಪ್ಪನವರು ಫ್ಲೆಕ್ಸ್ ಹಾಕಿಸಲು ಹೊರಟರು. ಗಂಗರಾಜು ವಾಚು ನೋಡಿಕೊಂಡ.

“ನಾಕು ಗಂಟಿಗೆ ಬೆಲ್ ಹೊಡಿತೀರಲ್ಲ, ಆಗ ಬರ್ತೀನಿ. ಅಷ್ಟ್ರೊಳಗ ಹುಡುಗ್ರು ತತ್ತಿ ತಿಂದಿರಬೇಕು. ಇಲ್ಲಂದ್ರ ಈ ಎರಡೂ ಫೋಟೋ ಮೇಲಿನ ಆಫೀಸಿಗೆ ಹೋಗ್ತಾವು.”

ಮೂರೂವರೆ ಆಯಿತು. ಮೇಷ್ಟ್ರು ಬೇಡಿಕೊಂಡರು, ಪೆನ್ಸಿಲ್ ಕೊಡುತ್ತೇನೆ ಅಂದರು, ಕತೆ ಹೇಳುತ್ತೇನೆ ಅಂದರು. ಮಕ್ಕಳು ಜಗ್ಗಲಿಲ್ಲ. ಶ್ರೀಲತಾ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಹಂಪಕ್ಕ ಬಾಗಿಲಲ್ಲಿ ನಿಂತು ಮೊಮ್ಮಗಳನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹುಡುಗಿಯ ಪಕ್ಕ ಹೋಗಿ ಕೂತರು. “ಶ್ರೀಲತಾ, ಏನ್ ಮಾಡಿದ್ರ ನೀ ತಿಂತಿಯವ್ವ?”

ಹುಡುಗಿ ತಲೆ ಎತ್ತದೆ ಯೋಚಿಸಿದಳು. “ನೀವು ಒಂದು ತಿನ್ರಿ ಸಾರ್. ಚಿನ್ನಿಗೆ ಏನೂ ಆಗಂಗಿಲ್ಲ ಅಂದ್ರ ನಾನೂ ತಿಂತೀನಿ.”

ಮೇಷ್ಟ್ರಿಗೆ ಹೆಂಡತಿ ಬಸವರಾಜೇಶ್ವರಿಯ ನೆನಪಾಯಿತು. ಒಮ್ಮೆ ಸಂತೆಯಲ್ಲಿ ಆಮ್ಲೆಟ್ ಗಾಡಿಯ ಪಕ್ಕ ಸ್ಕೂಟರ್ ನಿಲ್ಲಿಸಿದ್ದಕ್ಕೆ, ಮನೆಗೆ ಬಂದಾಗ ಸ್ಕೂಟರಿಗೂ ಎರಡು ಕೊಡ ನೀರು ಹೊಯ್ದ ಹೆಂಗಸು ಅವಳು. ತೀರಿಹೋದ ಅಪ್ಪನ ನೆನಪಾಯಿತು. ಆಮೇಲೆ ಪ್ರಾರ್ಥನೆಯಲ್ಲಿ ಕುಸಿದು ಕೂತ ಹುಡುಗಿಯ ಬಿಳಿಚಿದ ಮುಖ ನೆನಪಾಯಿತು, ಉಳಿದದ್ದೆಲ್ಲ ಹಿಂದೆ ಸರಿಯಿತು.

ಎದ್ದು ನಲ್ಲಿಯಲ್ಲಿ ಕೈ ತೊಳೆದರು. ಅಂಗಿಯ ಮೇಲಿನಿಂದಲೇ ಲಿಂಗ ಮುಟ್ಟಿ ಏನೋ ಗೊಣಗಿದರು. ಬಾಳೆಹಣ್ಣಿನ ಮಕ್ಕಳ ಲೆಕ್ಕಕ್ಕೂ ದಿನಾ ಐದು ಮೊಟ್ಟೆ ಬೇಯುತ್ತಿದ್ದವು, ಎಲ್ಲಿಗೆ ಹೋಗುತ್ತಿದ್ದವೋ ಹಂಪಕ್ಕನೇ ಬಲ್ಲಳು. ಅದರಲ್ಲಿ ಒಂದನ್ನು ಅವಳು ಸುಲಿದು ಕೊಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಅರ್ಧ ಅಗಿದರು, ಅರ್ಧ ಹಾಗೇ ನುಂಗಿದರು. ಕಣ್ಣಲ್ಲಿ ನೀರು ಬಂತು. ಹಂಪಕ್ಕ ನೀರಿನ ಲೋಟ ಹಿಡಿದಳು, ಅವಳ ಕಣ್ಣಲ್ಲೂ ನೀರಿತ್ತು.

“ಹೆಂಗೈತ್ರಿ ಸಾರ್?” ಅಂದ ಅರುಣ್‌ಕುಮಾರ್.

“ಉಪ್ಪು ಬೇಕಿತ್ತು,” ಅಂದು ಮೇಷ್ಟ್ರು ಬಾಯಿ ಮುಕ್ಕಳಿಸಲು ನಲ್ಲಿಗೆ ಓಡಿದರು.

ಹತ್ತು ನಿಮಿಷ ಮುಕ್ಕಳಿಸಿ ವಾಪಸ್ ಬಂದಾಗ ಶ್ರೀಲತಾಳ ತಟ್ಟೆ ಖಾಲಿಯಾಗಿತ್ತು. ಮೂವತ್ತೆಂಟು ತಟ್ಟೆಯೂ ಖಾಲಿಯಾಗಿದ್ದವು. ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಆಮೇಲೆ ಮೂಲೆ ನೋಡಿದರು. ಬಾಳೆಹಣ್ಣಿನ ಐವರು ಉಳಿದ ನಾಲ್ಕು ಮೊಟ್ಟೆಗೆ ಕಿತ್ತಾಡಿ, ಹಂಚಿಕೊಂಡು ತಿಂದು, ಕೈ ಒರೆಸಿಕೊಳ್ಳುತ್ತಿದ್ದರು. ಅರುಣ್‌ಕುಮಾರನ ತುಟಿಯ ಮೇಲೆ ಹಳದಿ ಮೀಸೆ ಮೂಡಿತ್ತು.

“ನೀ ಯಾಕ ತಿಂದಿ ಅಪ್ಪ?”

“ನೀವು ತಿಂದ್ರಲ್ಲ ಸಾರ್. ಯಾರಿಗೂ ಬ್ಯಾಡ ಅನ್ನಬಾರದು ಅಂತ ನೀವೇ ಹೇಳಿದ್ರಿ.”

ನಾಲ್ಕಕ್ಕೆ ಗಂಗರಾಜು ಬಂದು ಖಾಲಿ ತಟ್ಟೆ ನೋಡಿ, ಸಮಾಧಾನವಾಗಿ ಎರಡೂ ಫೋಟೋ ಅಳಿಸಿದ. ಇದು ಈ ನಾಲ್ಕು ಗೋಡೆಯೊಳಗೇ ಇರಲಿ ಅಂತ ಮೇಷ್ಟ್ರು ಕೇಳಿಕೊಂಡರು. ಆಯ್ತು ಅಂತ ಎಲ್ಲರೂ ತಲೆಯಾಡಿಸಿದರು. ಶಾಲು ಹಾರ ಬೀರುವಿನಲ್ಲಿ ಮುಚ್ಚಿಟ್ಟು ಸ್ಕೂಟರ್ ಹತ್ತಿದರು.

ಬೊಮ್ಮನಹಾಳ್‌ನ ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರು. ಎಂದಿಗಿಂತ ಹೆಚ್ಚು ಹೊತ್ತು ಪೂಜೆಗೆ ಕೂತರು. ನಾಳೆ ಪೂರ್ತಿ ಉಪವಾಸ ಇರುವುದು, ಬಸವರಾಜೇಶ್ವರಿಗೆ ಈ ಜನ್ಮದಲ್ಲಿ ಹೇಳದೇ ಇರುವುದು, ಹೀಗೆ ಎರಡು ನಿರ್ಧಾರ ಮಾಡಿ ಎದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಹಿತವಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

ದೊಡ್ಡಮಲ್ಲಪ್ಪನವರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಟವೆಲ್ಲಿನಲ್ಲಿ ಏನೋ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಶಾಲು ವಾಪಸ್ ಕೇಳಲು ಬಂದರು ಅಂದುಕೊಂಡ ಮೇಷ್ಟ್ರು ತಾವೇ ಶುರುಮಾಡಿದರು. “ಯಜಮಾನ್ರ, ತಪ್ಪು ತಿಳ್ಕೋಬ್ಯಾಡ್ರಿ...”

“ಅದಿರ್ಲಿ ಮೇಷ್ಟ್ರ. ನಮ್ಮ ಅರುಣ ಊಟಕ್ಕ ಒಲ್ಲೆ ಅಂತಾನ. ತತ್ತಿ ಬೇಕಂತ.”

“ಬೈರಿ ಅವನ್ನ.”

“ಬೈದೆ. ‘ನಿನ್ನ ನಂಬಿಕಿ ನಿನಗ ತಾತ, ನನ್ನ ಮ್ಯಾಲ ಹೇರಬ್ಯಾಡ’ ಅಂದ.” ಯಜಮಾನರ ದನಿ ಸಣ್ಣದಾಯಿತು. “ಇರೋನು ಒಬ್ಬ ಮೊಮ್ಮಗ. ಸಂಜಿಯಿಂದ ನೀರೂ ಮುಟ್ಟಿಲ್ಲ. ಏನ್ ಮಾಡ್ಲಿ?”

ಟವೆಲ್ ಬಿಚ್ಚಿದರು. ನಾಲ್ಕು ಮೊಟ್ಟೆ.

“ನಮ್ಮೂರಾಗ ತಗೊಂಡ್ರ ಮಾನ ಹೋಗ್ತತಿ, ಅದಕ್ಕ ಇಲ್ಲಿ ತಗೊಂಡೆ. ಇನ್ನ ಇದನ್ನ ಕುದಸಾದು ಹೆಂಗ, ಸುಲಿಯಾದು ಹೆಂಗ? ಯಾರನ್ನ ಕೇಳ್ಲಿ? ನಮ್ಮ ಪೈಕಿ ತತ್ತಿ ತಿಂದ ಅನುಭವ ಇರೋರು ನೀವೊಬ್ರ.”

ರೊಟ್ಟಿಯ ಸದ್ದು ನಿಂತಿತ್ತು. ಬಂದವರಿಗೆಂದು ನೀರಿನ ಚೊಂಬು ಹಿಡಿದು ಬಸವರಾಜೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಮೊದಲು ಮೊಟ್ಟೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಬೈಯಲಿಲ್ಲ. ಚೊಂಬನ್ನು ದೊಡ್ಡಮಲ್ಲಪ್ಪನವರ ಮುಂದಿಟ್ಟು ಬಹಳ ಮರ್ಯಾದೆಯಿಂದ ಹೇಳಿದಳು.

“ಹಿತ್ತಲಾಗ ಮೂರು ಕಲ್ಲಿನ ಒಲಿ ಐತ್ರಿ ಯಜಮಾನ್ರ, ಅಲ್ಲಿ ಕುದಸ್ಕೊಳ್ರಿ. ಇವರ ತಾಟು, ಲೋಟ, ಚಾಪಿ ಅಲ್ಲೇ ಇಡ್ತೀನಿ. ಇನ್ನ ಮ್ಯಾಲ ಇವರ ಊಟಾನೂ ಅಲ್ಲೇ.”

“ಬಸವರಾಜೇಶ್ವರಿ, ಆ ಹುಡುಗಿಗೆ ರಕ್ತ ಕಮ್ಮಿ ಇತ್ತು...”

“ನಾ ಏನಾರ ಅಂದ್ನೇನ್ರಿ? ನಿಮ್ಮ ನಂಬಿಕಿ ನಿಮಗ. ಅಡಿಗಿಮನಿ ಅಷ್ಟ ನಂದು.”

ಹಿತ್ತಲಲ್ಲಿ ಇಬ್ಬರೂ ವಿಭೂತಿ ಹಚ್ಚಿದ ಹಣೆಗಳನ್ನು ಬಗ್ಗಿಸಿ ಒಲೆ ಊದಿದರು. ನೀರು ಕುದಿಯಿತು, ಮೊಟ್ಟೆ ಕುಣಿದವು. ಎಷ್ಟು ಹೊತ್ತಿಗೆ ಇಳಿಸಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ಮೇಷ್ಟ್ರು ಹಂಪಕ್ಕನಿಗೆ ಫೋನ್ ಮಾಡಿದರು.

“ತತ್ತಿ ಯಾರಿಗ್ರಿ ಸಾರ್?” ಅಂತ ಅವಳು ಕೇಳಿದಳು. ಕೇಳಿದರೆ ಹೇಳುವುದು ಮೇಷ್ಟ್ರ ತತ್ವವಾಗಿತ್ತು.